ಚೆಂಡಿನ ಕೋಣೆಯ ಹಸಿರು ಪೊಟ್ಟಣ

"ಅಕ್ಕ, ಅದನ್ನ ಮೇಲಕ್ಕೆ ಎಸೀರಿ. ಇಲ್ಲಾಂದ್ರೆ ಮೂರನೇದನ್ನೂ ಬಿಚ್ತೀನಿ."

ಪೆಂಗ್ ಹೀಗೆ ಹೇಳಿದಾಗ ನಾನು ಗುಂಡಿಯೊಳಗಿದ್ದೆ. ಬೆನ್ನಿಗೆ ರಬ್ಬರಿನ ತಡೆಗೋಡೆ. ಎದೆಯಿಂದ ಒಂದು ಮೊಳ ದೂರದಲ್ಲಿ ಇನ್ನೂರ ಅರವತ್ತು ಟನ್ ಉಕ್ಕಿನ ಚೆಂಡು!

ಎಂಟು ಉಕ್ಕಿನ ಹಗ್ಗಗಳಿಗೆ ನೇತುಬಿದ್ದ ಚೆಂಡು. ಅದನ್ನು ಅಲುಗದಂತೆ ಹಿಡಿದಿಡಲು ಮೂರು ಕ್ಲಾಂಪುಗಳು. ಎರಡನ್ನು ನಾನೇ ಬಿಚ್ಚಿದ್ದೆ. ಮೂರನೆಯದು ಒಂದೇ ಅಷ್ಟೂ ಭಾರವನ್ನು ತಡೆದು ನಿಂತು ನರಳುತ್ತಿತ್ತು. ಅದರ ಸನ್ನೆಗೋಲು ಪೆಂಗ್‌ನ ಕೈಯಲ್ಲಿತ್ತು. ಏಣಿಯನ್ನು ಅವನು ಆಗಲೇ ಮೇಲಕ್ಕೆಳೆದುಕೊಂಡಿದ್ದ.

ಹೊರಗೆ ಮಧ್ಯಾಹ್ನದ ಎರಡೂಮುಕ್ಕಾಲು. ಬಂದರಿನ ಕಡೆಯಿಂದ ಬಿರುಗಾಳಿ. ನಲವತ್ತೆರಡು ಮಹಡಿಯ ಕಟ್ಟಡ ವಾಲುತ್ತಿತ್ತು... ನಿಲ್ಲುತ್ತಿತ್ತು... ಮತ್ತೆ ವಾಲುತ್ತಿತ್ತು.

"ಬೇಗ ಅಕ್ಕ. ಗಾಳಿ ನಮಗೋಸ್ಕರ ಕಾಯಲ್ಲ."

ಪೆಂಗ್ ಶೂಕಾಯ್ ಯಾವತ್ತೂ ಹೀಗೇ, ಬಲು ಮರ್ಯಾದಸ್ಥ. ಹನ್ನೆರಡು ವರ್ಷ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು ನಾವು. ಒಂದು ದಿನವೂ ಅವನು ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ನನ್ನನ್ನು ಅರೆದು ಚಟ್ನಿ ಮಾಡುವುದಿದ್ದರೂ ಮೊದಲು 'ಅಕ್ಕ' ಎನ್ನುತ್ತಾನೆ.

ಈ ಗುಂಡಿಗೆ ನಾನು ಹೇಗೆ ಬಿದ್ದೆ ಅಂತ ಕೇಳುತ್ತೀರಾ? ಕೇಳಿ. ಯಾರೂ ತಳ್ಳಲಿಲ್ಲ. ಬೆಳಿಗ್ಗೆ ನಾನು ಮಾಡಿದ ಹೊಲಸು ಕೆಲಸವೇ ತಂದು ಕೆಡವಿತು.

ಬೆಳಿಗ್ಗೆ ಎಂಟಕ್ಕೆ ಲ್ಯಾವ್ ಮೇಸ್ತ್ರಿಯ ಮನೆಗೆ ಹೋಗಿದ್ದೆ. ಒಂದು ಕೈಯಲ್ಲಿ ಬಿಸಿ ಮೀನಿನ ಗಂಜಿ. ಇನ್ನೊಂದು ಕೈಯಲ್ಲಿ ಅವರ ತಪ್ಪೊಪ್ಪಿಗೆ ಪತ್ರ.

ನನ್ನ ಹೆಸರು ಚಿಯೂ ಲಾನ್‌ಯಿಂಗ್. ಕಾವ್‌ಶಿಯುಂಗ್ ಎಂಬ ಈ ಬಂದರು ಊರಿನಲ್ಲಿ ದೊಡ್ಡ ದೊಡ್ಡ ಬಿಲ್ಡರುಗಳ ವಕೀಲನೊಬ್ಬನಿಗೆ ಬೇಕಾದ ಕೆಲಸ ಮಾಡಿಕೊಡುತ್ತೇನೆ. ಬಾಯಿ ಬಿಡುವವರ ಬಾಯಿ ಮುಚ್ಚಿಸುವುದು, ಮುಚ್ಚಿಕೊಂಡವರದ್ದು ಬಿಡಿಸುವುದು. ಅದಕ್ಕೂ ಮುಂಚೆ ನಾನೂ ಡ್ಯಾಂಪರ್ ಕೆಲಸದವಳೇ. ಚೌಕಟ್ಟಿನ ಮೇಲಿಂದ ಬಿದ್ದು ಮೊಣಕಾಲು ಮುರಿದ ಮೇಲೆ ಬಿಟ್ಟೆ.

ಡ್ಯಾಂಪರ್ ಎಂದರೆ ಇದೇ ಚೆಂಡು. ಗಾಳಿಗೆ ಕಟ್ಟಡ ಬಲಕ್ಕೆ ವಾಲಿದರೆ ಇದು ಎಡಕ್ಕೆ ಎಳೆಯುತ್ತದೆ. ಹಗ್ಗದ ಉದ್ದ ಎಷ್ಟಿರಬೇಕು, ಎಣ್ಣೆ ತುಂಬಿದ ಪಿಸ್ಟನ್ನುಗಳು ಎಷ್ಟು ಬಿಗಿ ಇರಬೇಕು ಎಂಬುದನ್ನು ಆಯಾ ಕಟ್ಟಡದ ತೂಗಾಟ ನೋಡಿ ತಿರುಗಿಸಿ ಕೂರಿಸಬೇಕು. ತೊಟ್ಟಿಲು ತೂಗುವ ತಾಯಿಗೆ ಗೊತ್ತಿರುವ ವಿದ್ಯೆಯೇ, ಸ್ವಲ್ಪ ಭಾರ ಜಾಸ್ತಿ ಅಷ್ಟೆ. ಈ ಊರಿನಲ್ಲಿ ಹನ್ನೊಂದು ಗೋಪುರಗಳ ತೊಟ್ಟಿಲು ತೂಗಿದವರು ಲ್ಯಾವ್ ಮೇಸ್ತ್ರಿ.

ಹತ್ತು ದಿನದ ಹಿಂದೆ ಒಂದು ಬಿರುಗಾಳಿ ಬಂತು. ಈ ಕಟ್ಟಡದ ಚೆಂಡು ತೂಗಲಿಲ್ಲ. ಮೂರೂ ಕ್ಲಾಂಪ್ ಬಿಗಿದೇ ಇದ್ದವು. ರಿಪೇರಿಯ ಹೊತ್ತಿನಲ್ಲಿ ಮಾತ್ರ ಬಿಗಿಯಬೇಕಾದವು. ಗೋಪುರ ಬಿದಿರಿನ ಹಾಗೆ ಅಲುಗಾಡಿತು. ಇಪ್ಪತ್ತೊಂಬತ್ತನೇ ಮಹಡಿಯ ಕಿಟಕಿಯ ಗಾಜೊಂದು ಕಿತ್ತು ಬಂತು. ಕೆಳಗೆ ಪೇರಲೆ ಹಣ್ಣಿನ ಗಾಡಿಗೆ ಹೊದಿಕೆ ಕಟ್ಟುತ್ತಿದ್ದ ಹೆಂಗಸು ಅಲ್ಲೇ ಸತ್ತಳು.

ಕೋಣೆಯ ಪುಸ್ತಕದಲ್ಲಿ ಕೊನೆಗೆ ಒಳಗೆ ಹೋದವರ ಹೆಸರು ಲ್ಯಾವ್ ಮೇಸ್ತ್ರಿಯದು. ಮಾರ್ಚ್ ನಾಲ್ಕು. ಏಪ್ರಿಲ್‌ನಲ್ಲಿ ಅವರಿಗೆ ಲಕ್ವ ಹೊಡೆಯಿತು. ಆಮೇಲೆ ನೆನಪೆಂಬುದು ಜರಡಿ.

ಸರಕಾರಿ ವಕೀಲೆ ಚೆಂಡಿನ ಕೋಣೆಯನ್ನು ಇದ್ದದ್ದು ಇದ್ದ ಹಾಗೇ ಸೀಲ್ ಮಾಡಿಸಿದಳು. ಇಂದು ಸಂಜೆ ನಾಲ್ಕಕ್ಕೆ ಆಕೆಯ ಮೇಜಿನ ಮೇಲೆ ಮೇಸ್ತ್ರಿಯ ತಪ್ಪೊಪ್ಪಿಗೆ ಬಿದ್ದರೆ ಕೇಸು ಮುಗಿಯುತ್ತದೆ ಎಂದು ನನ್ನ ವಕೀಲ ಹೇಳಿದ್ದ. ವಯಸ್ಸಾಗಿದೆ, ಕಾಯಿಲೆ ಇದೆ, ಜೈಲಿನಲ್ಲಿ ಕೂರಿಸುವುದಿಲ್ಲ ಎಂದೂ ಹೇಳಿದ್ದ. ನಾನು ನಂಬಿದೆ. ನಂಬಿದರೆ ಕೆಲಸ ಸುಲಭವಾಗುತ್ತದೆ, ನೋಡಿ.

ಮೇಸ್ತ್ರಿ ಕಾಗದ ಓದಲೂ ಇಲ್ಲ.

"ನಾನೇ ಬಿಗಿದಿರ್ಬೇಕು," ಅಂದರು. "ಚೆಂಡು ತನ್ನನ್ನ ತಾನೇ ಕಟ್ಕೊಳ್ಳುತ್ತಾ? ಆ ಹೆಂಗಸಿಗೆ ಮಕ್ಕಳೆಷ್ಟು?"

"ಇಬ್ಬರು."

ಗಂಜಿಯನ್ನು ಅವರು ಮುಟ್ಟಲಿಲ್ಲ. ಮೇಜಿನ ಖಾನೆಯಿಂದ ಸಹಿಯ ಬದಲು ಒತ್ತುವ ತಮ್ಮ ಹೆಸರಿನ ಮುದ್ರೆ ತೆಗೆದು ಕೆಂಪು ಶಾಯಿಗೆ ಅದ್ದಿದರು. ಲಕ್ವ ಹೊಡೆದ ಕೈ, ಕಾಗದದ ಮೇಲೆ ಮುದ್ರೆ ಕೂರಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದು ಒತ್ತಿಸಿದೆ. ಹೌದು, ನಾನೇ. ನನಗೆ ಕೆಲಸ ಕಲಿಸಿದ ಕೈ ಅದು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಾಗಿಲು ದಾಟುವಾಗ ಅವರು ಹಿಂದಿನಿಂದ ಕರೆದರು.

"ಲಾನ್, ಪೊಟ್ಟಣ ಬದಲಾಯಿಸಿದಾರಾ? ನಾನು ಮಾರ್ಚಲ್ಲಿ ಇಟ್ಟಿದ್ದು. ದಿನ ಮುಗಿದ್ರೆ ಯಂತ್ರ ಮುನಿಸ್ಕೊಳ್ಳುತ್ತೆ."

ನಗಬೇಡಿ. ನಮ್ಮ ದ್ವೀಪದಲ್ಲಿ ಆ ಪೊಟ್ಟಣವಿಲ್ಲದ ಯಂತ್ರವೇ ಇಲ್ಲ. ಒಳಗಿರುವುದು ಮಕ್ಕಳು ತಿನ್ನುವ ಜೋಳದ ಕುರುಕಲು. ಹೆಸರಿನ ಅರ್ಥ 'ಜಾಣಮರಿಯಾಗಿರು'. ಆಸ್ಪತ್ರೆಯ ಯಂತ್ರದ ಮೇಲೆ ಒಂದು, ಬ್ಯಾಂಕಿನ ಕಂಪ್ಯೂಟರಿನ ಮೇಲೆ ಒಂದು, ರೈಲ್ವೆ ಸಿಗ್ನಲ್ಲಿನ ಪೆಟ್ಟಿಗೆಯಲ್ಲಿ ಒಂದು. ಹಸಿರು ಬಣ್ಣದ್ದೇ ಆಗಬೇಕು. ದಿನ ಮೀರಿರಬಾರದು. ಒಡೆದು ತಿನ್ನಬಾರದು, ತಿಂದರೆ ಯಂತ್ರ ಕೈಕೊಡುತ್ತದೆ. ಯಂತ್ರಕ್ಕೆ ಏನು ಹೇಳಬೇಕೋ ಅದನ್ನು ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆಯುವುದೂ ಉಂಟು. ಮೇಸ್ತ್ರಿ ಹನ್ನೊಂದೂ ಗೋಪುರಗಳಲ್ಲಿ ಒಂದೇ ಮಾತು ಬರೆಯುತ್ತಿದ್ದರು: 'ಚೆನ್ನಾಗಿ ತೂಗು.'

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಹೆಂಡತಿ ಸತ್ತ ವರ್ಷವನ್ನೇ ಮರೆತ ಮನುಷ್ಯನಿಗೆ ಪೊಟ್ಟಣ ನೆನಪಿತ್ತು. ಪೊಟ್ಟಣ ಇಟ್ಟದ್ದು ನೆನಪಿದ್ದವರಿಗೆ ಕ್ಲಾಂಪ್ ಬಿಗಿದದ್ದು ನೆನಪಿಲ್ಲವೇ?

ಆ ಪ್ರಶ್ನೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡಿತು. ಮಧ್ಯಾಹ್ನದವರೆಗೂ ಸ್ಕೂಟರಿನಲ್ಲಿ ಊರೆಲ್ಲ ಸುತ್ತಿದೆ. ಕೋರ್ಟಿನ ಮುಂದೆ ಮೂರು ಸಲ ಹಾದುಹೋದೆ. ಕಾಗದ ಜೇಬಿನಲ್ಲೇ ಇತ್ತು. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಒಂದು ಗಂಟೆಗೆ ರೇಡಿಯೋದಲ್ಲಿ ಹೇಳಿದರು: ಉತ್ತರಕ್ಕೆ ಹೋಗಬೇಕಿದ್ದ ಬಿರುಗಾಳಿ ದಾರಿ ಬದಲಿಸಿದೆ, ನಮ್ಮ ಕಡೆಗೇ ಬರುತ್ತಿದೆ.

ಸ್ಕೂಟರನ್ನು ಗೋಪುರದ ಕಡೆಗೆ ತಿರುಗಿಸಿದೆ.

ಕಾವಲಿನವನಿಗೆ ನನ್ನ ಗುರುತಿತ್ತು. ವಕೀಲರು ಕಳಿಸಿದ್ದಾರೆ ಎಂದೆ. ಬಿಟ್ಟ. ಲಿಫ್ಟಿನ ಬಾಗಿಲು ಮುಚ್ಚುವಾಗ ನೋಡಿದೆ, ಅವನು ಫೋನು ಎತ್ತಿಕೊಳ್ಳುತ್ತಿದ್ದ. ಯಾರಿಗೆ ಎಂಬುದು ಆಗ ಗೊತ್ತಿರಲಿಲ್ಲ.

ಲಿಫ್ಟ್ ನಲವತ್ತರವರೆಗೆ. ನಲವತ್ತೊಂದರಲ್ಲಿ ಲಿಫ್ಟಿನ ಮೋಟಾರು ಕೋಣೆ. ಅದರ ಮೇಲೆ ಚೆಂಡಿನ ಕೋಣೆ. ಬಾಗಿಲ ಮೇಲೆ ಸರಕಾರದ ಸೀಲು. ಅದನ್ನು ಮುರಿಯುವುದು ಅಪರಾಧ. ಮುರಿದೆ.

ಕಂಟ್ರೋಲ್ ಪೆಟ್ಟಿಗೆಯ ಮೇಲೆ ಹಸಿರು ಪೊಟ್ಟಣ ನೆಟ್ಟಗೆ ನಿಂತಿತ್ತು. ಅದರ ಮೇಲೆ ಕಪ್ಪು ಪೆನ್ನಿನ ಅಕ್ಷರ: 'ಸದ್ದು ಮಾಡಬೇಡ. ಮಲಗು.'

ಇದು ಮೇಸ್ತ್ರಿಯ ಮಾತಲ್ಲ. ತೂಗಬೇಕಾದ ಚೆಂಡಿಗೆ ಮಲಗು ಎಂದು ಯಾರಾದರೂ ಹೇಳುತ್ತಾರೆಯೇ? ಅದನ್ನು ಕಟ್ಟಿಹಾಕಿದವನು ಮಾತ್ರ ಹೇಳುತ್ತಾನೆ.

ತಿರುಗಿಸಿ ಬೆನ್ನು ನೋಡಿದೆ. ತಯಾರಾದ ದಿನ ಜೂನ್ ಹನ್ನೊಂದು.

ಜೂನ್! ಜೂನ್‌ನಲ್ಲಿ ತಯಾರಾದ ಪೊಟ್ಟಣವನ್ನು ಮಾರ್ಚ್‌ನಲ್ಲಿ ಇಡಲು ದೇವರಿಂದಲೂ ಆಗದು. ಜೂನ್‌ನಲ್ಲಿ ಮೇಸ್ತ್ರಿ ಆಸ್ಪತ್ರೆಯಲ್ಲಿದ್ದರು, ಚಮಚ ಹಿಡಿಯಲೂ ಬರುತ್ತಿರಲಿಲ್ಲ. ಅವರಾದ ಮೇಲೆ ಯಾರೋ ಇಲ್ಲಿಗೆ ಬಂದಿದ್ದಾರೆ. ಪುಸ್ತಕದಲ್ಲಿ ಹೆಸರು ಬರೆಯದೆ ಬಂದಿದ್ದಾರೆ. ಹಳೇ ಪೊಟ್ಟಣ ತೆಗೆದು ಹೊಸದು ಇಟ್ಟು ಹೋಗಿದ್ದಾರೆ.

ಅಕ್ಷರದ ಬಾಲ ನೋಡಿದ ಕೂಡಲೇ ಕೈ ಯಾರದೆಂದು ಗೊತ್ತಾಯಿತು. ಹನ್ನೆರಡು ವರ್ಷ ನಮ್ಮ ಕೆಲಸದ ಚೀಟಿಗಳನ್ನೆಲ್ಲ ಬರೆದವನು ಪೆಂಗ್.

ಸರಕಾರದವರು ಹತ್ತು ದಿನದ ಹಿಂದೆಯೇ ಈ ಪೊಟ್ಟಣದ ಫೋಟೋ ತೆಗೆದಿದ್ದರು. ಫೈಲಿನಲ್ಲಿ ನಾನೂ ಅದರ ಮೇಲೆ ಕಣ್ಣು ಹಾಯಿಸಿದ್ದೆ, ಅಕ್ಷರ ಓದಲು ಹೋಗಿರಲಿಲ್ಲ. ತೆಗೆದದ್ದು ಮುಂಭಾಗ ಮಾತ್ರ. ಗಡಿಯಾರ ನೋಡುವವರು ಅದರ ಬೆನ್ನು ನೋಡುತ್ತಾರೆಯೇ?

ಎರಡೂ ಬದಿಯ ಫೋಟೋ ತೆಗೆದೆ. ಅಷ್ಟರಲ್ಲಿ ನೆಲ ಜಾರಿತು. ಮೂಲೆಯಲ್ಲಿದ್ದ ಎಣ್ಣೆ ಡಬ್ಬಿ ತಾನಾಗಿ ಗೋಡೆಯ ತನಕ ಹೋಗಿ, ನಿಂತು, ವಾಪಸು ಬಂತು. ಕಟ್ಟಡ ವಾಲತೊಡಗಿತ್ತು. ಕೆಳಗೆ ಮುನ್ನೂರು ಮನೆಗಳು.

ಕ್ಲಾಂಪ್ ಬಿಚ್ಚಿದರೆ ಸಾಕ್ಷಿ ಕೆಡಿಸಿದಳು ಎಂದು ನನ್ನ ಮೇಲೆ ಕೇಸು. ಬಿಚ್ಚದಿದ್ದರೆ ಇನ್ನೊಬ್ಬ ಪೇರಲೆ ಮಾರುವವಳು. ಯೋಚಿಸುವುದಕ್ಕೆ ಏನಿತ್ತು?

ಮೊದಲು ಕೆಳಗಿನ ಲಿಫ್ಟ್ ಕೋಣೆಗೆ ಹೋಗಿ ಒಂದು ನಿಮಿಷದಲ್ಲಿ ಬಂದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಬಂದು ಎರಡು ಕ್ಲಾಂಪ್ ಬಿಚ್ಚಿದೆ. ಮೂರನೆಯದರ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಕೆಳಗಿನಿಂದ ಬಡಿಯಲು ಸುತ್ತಿಗೆ ಹಿಡಿದು ಗುಂಡಿಗಿಳಿದೆ. ಪಿನ್ನು ಸಡಿಲಿಸಿ, ಮೇಲೆ ಬಂದು ಸನ್ನೆಗೋಲು ಒತ್ತುವುದು ನನ್ನ ಲೆಕ್ಕ.

ಎರಡು ಪೆಟ್ಟು ಹಾಕಿದ್ದೆ, ಏಣಿ ಮೇಲಕ್ಕೆ ಹೋಯಿತು.

"ಕಾವಲಿನವನು ಫೋನ್ ಮಾಡ್ದ, ಯಾರು ಬಂದ್ರೂ ತಿಳಿಸು ಅಂದಿದ್ದೆ," ಎಂದ ಪೆಂಗ್. ಕೋಟಿನಿಂದ ನೀರು ಸೋರುತ್ತಿತ್ತು. "ಪೆಟ್ಟಿಗೆ ಮೇಲೆ ಪೊಟ್ಟಣ ಇಲ್ಲ. ನೀವು ಅದರ ಬೆನ್ನು ನೋಡಿದ್ರಿ ಅಲ್ವಾ?"

"ನೋಡಿದೆ."

"ಎಸೀರಿ ಅಕ್ಕ."

ಫೋಟೋಗಳು ನನ್ನ ಫೋನಿನಲ್ಲಿದ್ದವು. ಆದರೆ ಪೊಟ್ಟಣವೇ ಇಲ್ಲದಿದ್ದರೆ ಫೋಟೋ ನಾನೇ ಸೃಷ್ಟಿಸಿದ್ದು ಎನ್ನಲು ನನ್ನ ವಕೀಲನಿಗೆ ಎರಡು ನಿಮಿಷ ಸಾಕು. ಅವನ ಕಸುಬು ನನಗೆ ಗೊತ್ತು, ನನ್ನದೂ ಅದೇ ಕಸುಬು.

ಕಟ್ಟಡ ಮತ್ತೆ ವಾಲಿತು. ಕ್ಲಾಂಪ್ ಕಿರುಗುಟ್ಟಿತು.

ಜಾಕೆಟ್ಟಿನ ಹೊರಜೇಬಿನಿಂದ ಹಸಿರು ಪೊಟ್ಟಣ ತೆಗೆದು ಎಸೆದೆ.

ಅವನು ಎರಡೂ ಕೈಯಲ್ಲಿ ಹಿಡಿದ. ಆ ಗಡಿಬಿಡಿಯಲ್ಲೂ ಒಡೆಯದ ಹಾಗೆ, ಮೊಟ್ಟೆ ಹಿಡಿದ ಹಾಗೆ. ಓದದೆ ಕೋಟಿನೊಳಗೆ ಸೇರಿಸಿಕೊಂಡ.

"ತಪ್ಪು ತಿಳ್ಕೋಬೇಡಿ ಅಕ್ಕ," ಎಂದ.

ಸನ್ನೆಗೋಲನ್ನು ಪೂರ್ತಿ ಕೆಳಗೊತ್ತಿದ!

ಒತ್ತಿ ನಿಂತು ನೋಡಲಿಲ್ಲ, ಓಡಿದ. ಬಾಗಿಲು ಬಡಿದುಕೊಂಡಿತು.

ತುಕ್ಕಿಗೊಂದು ನಮಸ್ಕಾರ. ಕ್ಲಾಂಪಿನ ಬಾಯಿ ತೆರೆದರೂ ಪಿನ್ನು ಕಚ್ಚಿಕೊಂಡೇ ಇತ್ತು. ನನ್ನ ಸುತ್ತಿಗೆಯ ಎರಡು ಪೆಟ್ಟು ತಿಂದ ಪಿನ್ನು. ಕೂದಲೆಳೆಯಷ್ಟು ಜಾರುತ್ತಿತ್ತು... ಮತ್ತಷ್ಟು ಜಾರುತ್ತಿತ್ತು...

ಪಿಸ್ಟನ್ನಿನ ತೋಳು ಹಿಡಿದು ಜೋತುಬಿದ್ದೆ. ಅಂಗೈ ಎಣ್ಣೆಗೆ ಜಾರಿತು. ಇನ್ನೊಂದು ಕೈ ಹಾಕಿದೆ. ಮುರಿದು ಕೂಡಿದ ಮೊಣಕಾಲನ್ನು ಚೆಂಡಿಗೇ ಕೊಟ್ಟು ಒದ್ದೆ. ಕಣ್ಣಿಗೆ ಕತ್ತಲೆ ಬಂತು. ಹೊಟ್ಟೆ ಅಂಚಿನ ಮೇಲೆ ಬಿತ್ತು, ಕಾಲೆಳೆದುಕೊಂಡೆ.

ಪಿನ್ನು ಗುಂಡು ಹೊಡೆದ ಹಾಗೆ ಸಿಡಿಯಿತು.

ಇನ್ನೂರ ಅರವತ್ತು ಟನ್ ನನ್ನ ಹಿಮ್ಮಡಿಯ ಪಕ್ಕದಲ್ಲಿ ಹಾದುಹೋಗಿ ತಡೆಗೋಡೆಗೆ ಗುದ್ದಿತು. ಇಡೀ ಗೋಪುರ ಒಮ್ಮೆ ಹೌಹಾರಿತು. ನನ್ನ ಎಡಗಾಲಿನ ಶೂ ಒಳಗೇ ಉಳಿಯಿತು. ಅದು ಈಗ ಕಾಗದದಷ್ಟು ತೆಳ್ಳಗಿದೆ.

ಪಿಸ್ಟನ್ನುಗಳ ವಾಲ್ವುಗಳನ್ನೂ ಪೆಂಗ್ ಜೂನ್‌ನಲ್ಲೇ ಪೂರ್ತಿ ಸಡಿಲ ಬಿಟ್ಟು ಹೋಗಿದ್ದ. ಒಂದೊಂದಾಗಿ ಮೇಸ್ತ್ರಿ ಗೀಚಿಟ್ಟ ಹಳೇ ಗುರುತಿಗೆ ತಿರುಗಿಸಿದೆ. ಚೆಂಡು ಗುದ್ದುವುದನ್ನು ಬಿಟ್ಟು ತೂಗತೊಡಗಿತು. ಕಟ್ಟಡ ಅತ್ತ ಹೋದರೆ ಅದು ಇತ್ತ. ಎಣ್ಣೆ ಡಬ್ಬಿ ಗೋಡೆಯ ತನಕ ಹೋಗಲಿಲ್ಲ, ಅರ್ಧ ದಾರಿಯಲ್ಲೇ ನಿಂತಿತು.

ನೆಲದ ಮೇಲೆ ಕೂತು ಅತ್ತೆ. ನಾಚಿಕೆಯಿಲ್ಲದೆ ಅತ್ತೆ. ಆ ಮನುಷ್ಯನ ಗುರುತುಗಳು ಎಷ್ಟು ಸರಿಯಾಗಿದ್ದವು, ಅವರ ಕೈ ಹಿಡಿದು ನಾನು ಒತ್ತಿಸಿದ್ದು ಏನು!

ಅಳುವುದಕ್ಕೂ ಹೊತ್ತಿರಲಿಲ್ಲ. ಮೂರು ಗಂಟೆ ಐದು ನಿಮಿಷ.

ಲಿಫ್ಟ್ ಕರೆದರೆ ಬರಲಿಲ್ಲ. ಕೆಂಪು ದೀಪ. ಒಂದೇ ಶೂನಲ್ಲಿ ಮೆಟ್ಟಿಲಿಳಿದೆ. ಮೂವತ್ತೊಂದರಲ್ಲಿ ಬಡಿಯುವ ಸದ್ದು ಕೇಳಿತು, ಲಿಫ್ಟಿನ ಬಾಗಿಲ ಹಿಂದಿನಿಂದ. ಚೆಂಡು ಗುದ್ದಿದ ಹೊಡೆತಕ್ಕೆ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು.

ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಬಾಗಿಲ ಸಂದಿಗೆ ಹಿಡಿದೆ.

"ಲೋ ಪೆಂಗ್."

ಬಡಿತ ನಿಂತಿತು.

"ಅಕ್ಕ...? ಬದುಕಿದೀರಾ?"

"ನಿರಾಸೆ ಆಯ್ತಾ?"

ಲಿಫ್ಟಿನ ನೆಲಕ್ಕೆ ಕುಸಿದು ಕೂತ ಸದ್ದು. ಆಮೇಲೆ ತಾನಾಗಿಯೇ ಶುರುಮಾಡಿದ. ತುದಿ ಮಹಡಿಯ ಮನೆ ಕೊಳ್ಳಲು ಬಂದವನು ತೈಪೆಯ ದೊಡ್ಡ ಕುಳ. ಎರಡು ರಾತ್ರಿ ಮಲಗಿ ನೋಡಿದನಂತೆ. ತಲೆಯ ಮೇಲೆ ಚೆಂಡಿನ ಹಗ್ಗಗಳ ನರಳಾಟ, ನಿದ್ದೆ ಬರಲಿಲ್ಲವಂತೆ. ಸದ್ದು ನಿಲ್ಲಿಸಿ ಎಂದು ಬಿಲ್ಡರ್ ಪೆಂಗ್‌ಗೆ ಹೇಳಿದ.

"ಎರಡೇ ವಾರ ಅಂದ್ರು. ಆಮೇಲೆ ಇನ್ನೆರಡು. ಆಮೇಲೆ ಅವರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ಮೇಸ್ತ್ರಿ ಮೇಲೆ ಹಾಕಿದ್ಯಲ್ಲೋ."

"ಅವರಿಗೆ ಹೇಗೂ ನೆನಪಿಲ್ವಲ್ಲ ಅಕ್ಕ."

ಎಷ್ಟು ಮೆತ್ತಗೆ ಹೇಳಿದ ಗೊತ್ತೇ! ಸುತ್ತಿಗೆ ಮೇಲೆಯೇ ಬಿಟ್ಟುಬಂದಿದ್ದು ಒಳ್ಳೆಯದಾಯಿತು.

"ಕಳ್ಳತನದಲ್ಲಿ ಬಂದವನು ಹೊಸ ಪೊಟ್ಟಣ ಯಾಕೋ ಇಟ್ಟೆ?"

"ಯಂತ್ರ ಮುಟ್ಟಿದೀನಿ. ಇಡದೆ ಹೆಂಗೆ ಬರೋದು?"

ಅವನಿಗೆ ನಿಜಕ್ಕೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. ಅದೇ ಮೇಸ್ತ್ರಿ ಅವನಿಗೂ ಕಲಿಸಿದ್ದು ತಾನೆ?

"ಕೋಟೊಳಗಿರೋದನ್ನ ತೆಗೆದು ಓದು," ಎಂದೆ.

ಒಳಗೆ ಪ್ಲಾಸ್ಟಿಕ್ಕಿನ ಸರಸರ.

ಈಗ ಹೇಳುತ್ತೇನೆ. ಕಾವಲಿನವನು ಫೋನು ಎತ್ತಿಕೊಂಡದ್ದನ್ನು ನೋಡಿದ್ದೆನಲ್ಲ, ಯಾರಾದರೂ ಬಂದೇ ಬರುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಲಿಫ್ಟಿನ ಮೋಟಾರಿನ ಮೇಲಿದ್ದ ಪೊಟ್ಟಣವನ್ನು ತಂದು ಹೊರಜೇಬಿನಲ್ಲಿ ಇಟ್ಟುಕೊಂಡಿದ್ದೆ. ಜೂನ್ ಹನ್ನೊಂದರದ್ದು ಅಂಗಿಯೊಳಗೆ, ಪಕ್ಕೆಲುಬಿಗೆ ಅಂಟಿಕೊಂಡು ಭದ್ರವಾಗಿತ್ತು.

"ಏನ್ ಬರ್ದಿದಾರೋ ಅದ್ರ ಮೇಲೆ?"

ಅವನ ದನಿ ಚಿಕ್ಕ ಮಗುವಿನದಾಗಿತ್ತು.

"'ನಡುವೆ ನಿಲ್ಲಬೇಡ.'"

"ಕೂತಿರು," ಎಂದು ಮೆಟ್ಟಿಲಿಳಿದೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸರಕಾರಿ ವಕೀಲೆಯ ಮೇಜಿನ ಮೇಲೆ ಪೊಟ್ಟಣ ಇಟ್ಟೆ. ಪಕ್ಕದಲ್ಲಿ ಫೋನು. ಆಕೆ ಫೈಲು ತೆರೆದು ಹಳೇ ಫೋಟೋ ನೋಡಿದಳು, ಪೊಟ್ಟಣದ ಅಕ್ಷರ ನೋಡಿದಳು. ಆಮೇಲೆ ಅದನ್ನು ತಿರುಗಿಸಿ ಬೆನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಸೀಲ್ ಮುರಿದವರು ಯಾರು?"

"ನಾನು."

"ನಿಮ್ಮ ಮೇಲೂ ಕೇಸಾಗುತ್ತೆ."

"ಆಗಲಿ."

"ಲ್ಯಾವ್ ಅವರ ತಪ್ಪೊಪ್ಪಿಗೆ ತರ್ತೀರಿ ಅಂತ ನಿಮ್ಮ ವಕೀಲರು ಫೋನ್ ಮಾಡಿದ್ರು."

ಜೇಬಿನಿಂದ ಕಾಗದ ತೆಗೆದೆ. ಮಳೆಗೆ ನೆನೆದು ಕೆಂಪು ಮುದ್ರೆ ಪುಟವೆಲ್ಲ ಹರಡಿತ್ತು. ಮುದ್ರೆ ಅವರದು, ಒತ್ತಿದ ಕೈ ನನ್ನದು ಎಂದೆ. ಆಕೆಯ ಎದುರಿಗೇ ನಾಲ್ಕು ತುಂಡು ಮಾಡಿದೆ. ಆಕೆ ತಡೆಯಲಿಲ್ಲ.

ಹೊರಗಿನ ಕಾರಿಡಾರಿನಿಂದ ಮೇಸ್ತ್ರಿಗೆ ಫೋನು ಮಾಡಿದೆ.

"ಮೇಸ್ತ್ರಿ, ಬಿಗಿದದ್ದು ನೀವಲ್ಲ. ನೀವಲ್ಲವೇ ಅಲ್ಲ."

ಅತ್ತರೋ ಏನೋ, ಗೊತ್ತಾಗಲಿಲ್ಲ. ಆಮೇಲೆ ಕೇಳಿದರು, "ಪೊಟ್ಟಣ?"

"ಇದೆ. ಹಸಿರೇ. ದಿನ ಮೀರಿಲ್ಲ."

"ಹಾಗಾದ್ರೆ ತೂಗುತ್ತೆ ಬಿಡು."

ಸುಳ್ಳು ಹೇಳಿದ್ದೆ. ಆ ಹೊತ್ತಿನಲ್ಲಿ ಚೆಂಡಿನ ಕೋಣೆಯಲ್ಲಿ ಪೊಟ್ಟಣವೇ ಇರಲಿಲ್ಲ. ಚೆಂಡು ಮಾತ್ರ ತೂಗುತ್ತಲೇ ಇತ್ತು. ಫೋನು ಇಡುವ ಮೊದಲು ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿತು. ತಣ್ಣಗಾದ ಗಂಜಿಯನ್ನು ಅವರು ಉಣ್ಣತೊಡಗಿದ್ದರು.

ಗಾಳಿ ಇಳಿದ ಮೇಲೆ, ಏಳು ಗಂಟೆಗೆ, ಲಿಫ್ಟಿನ ಬಾಗಿಲು ಒಡೆಸಿದರು. ಪೊಲೀಸರ ಹಿಂದೆ ನಾನೂ ಇದ್ದೆ, ಕಾಲಲ್ಲಿ ಯಾರದೋ ಚಪ್ಪಲಿ. ಬೆಳಗಿನಿಂದ ಏನೂ ತಿಂದಿಲ್ಲ, ಪೆಂಗ್ ಮೊದಲು ಹೇಳಿದ್ದು ಅದನ್ನೇ. ಆದರೆ ಪೊಟ್ಟಣ ಒಡೆದಿರಲಿಲ್ಲ. ಲಿಫ್ಟಿನ ಬಟನ್ನುಗಳ ಕೆಳಗೆ ಅದನ್ನು ನೆಟ್ಟಗೆ ನಿಲ್ಲಿಸಿ, ಎದುರಿಗೆ ಮಂಡಿಯೂರಿ ಕೂತಿದ್ದ.

ಮುನ್ನೂರು ಮನೆಗಳ ಜೀವಕ್ಕೆ ಹೆದರದ ಗಂಡು, ನಾಲ್ಕು ಗಂಟೆ ಕಾಲ ಒಂದು ಲಿಫ್ಟಿಗೆ ಕೈಮುಗಿದಿದ್ದ.